ಖರ್ಚು ಮಾಡೋರು ಅವರು, ಉತ್ತರ ಹೇಳೋರು ಇವರು!

ಚೀಟಿಗೆ ಜಾಮೀನು ನಿಂತು ಕೈ ಸುಟ್ಟುಕೊಂಡ ಅಂಗಡಿಯವರು ನಮ್ಮ ಪೇಟೆಯಲ್ಲಿ ಬೇಕಾದಷ್ಟು ಮಂದಿ. ಅಮೆರಿಕದ ವಿಶ್ವವಿದ್ಯಾಲಯಗಳ ಪಾಡೂ ಅದೇ!

ಅಲ್ಲಿ ಕೇಂದ್ರ ಸರ್ಕಾರ ಸಂಶೋಧನೆಗೆ ಅನುದಾನ ಕೊಡುತ್ತದೆ. ಪಡೆದ ವಿಶ್ವವಿದ್ಯಾಲಯ ಅದರಲ್ಲೊಂದು ಪಾಲನ್ನು ಬೇರೆ ಸಂಸ್ಥೆಗೆ ಹಂಚಬಹುದು. ಅದೇ ಉಪ ಅನುದಾನ. ಆದರೆ ಹಣ ಕೈ ದಾಟಿದರೂ ಹೊಣೆ ದಾಟುವುದಿಲ್ಲ. ಅವರು ನಿಯಮ ಮೀರಿ ಖರ್ಚು ಮಾಡಿದರೆ ಸರ್ಕಾರ ಹಿಡಿಯುವುದು ಮೊದಲು ಸಹಿ ಹಾಕಿದವರನ್ನೇ.

ಅದಕ್ಕೇ ಆಸಾಮಿ ಎಂಥವನೆಂದು ತೂಗಿ ನೋಡಲೇಬೇಕೆಂಬುದು ಅಲ್ಲಿನ ನಿಯಮ. ಹಿಂದೆ ಇಂಥ ಹಣ ನಿಭಾಯಿಸಿದ್ದಾರಾ? ಆಡಿಟ್‌ನಲ್ಲಿ ಆಕ್ಷೇಪಣೆ ಬಂದಿತ್ತಾ? ಅನುಮಾನವಿದ್ದರೆ ಮುಂಗಡ ನಿಲ್ಲಿಸಿ, ರಸೀದಿ ತಂದರಷ್ಟೇ ದುಡ್ಡು ಎನ್ನಬಹುದು.

ವರ್ಷಕ್ಕೆ 7.5 ಲಕ್ಷ ಡಾಲರ್ ಸರ್ಕಾರಿ ಹಣ ಖರ್ಚಾದರೆ ಆಡಿಟ್ ಕಡ್ಡಾಯವಿತ್ತು. 2024ರ ಅಕ್ಟೋಬರ್ 1ರಿಂದೀಚೆ ಶುರುವಾಗುವ ಲೆಕ್ಕವರ್ಷಗಳಿಗೆ ಆ ಮಿತಿ 10 ಲಕ್ಷ. ಅಂದರೆ ಸಣ್ಣ ಸಂಸ್ಥೆಗಳ ಲೆಕ್ಕವನ್ನು ಕೊಟ್ಟವರೇ ಕೂತು ನೋಡ್ಬೇಕು.

2025ರ ಮೇ 1ರಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಹಣದ ಜಾಡು ಸರಿಯಾಗಿ ಸಿಗುತ್ತಿಲ್ಲವೆಂದು, ವಿದೇಶಿ ಉಪ ಅನುದಾನವಿರುವ ಹೊಸ ಮಂಜೂರಾತಿಗೇ ತಡೆ ಹಾಕಿತು. ಬಿಸಿ ಹೊರದೇಶದ ಪಾಲುದಾರರಿಗೆಲ್ಲ ತಟ್ಟಿತು. ಸರಿಯಾಗಿ ಲೆಕ್ಕ ಇಟ್ಟವರಿಗೂ!

ಲೆಕ್ಕ ನೋಡೋದು ಸಹಿಗೆ ಮುಂಚೆ, ಸ್ವಾಮಿ. ಆಮೇಲೆ ನೋಡೋದು ಬರೀ ಬಾಕಿ!