ಮನಸ್ಸಿನ ಮದ್ದು, ಮೈಮೇಲಿನ ಮೊಡವೆ

ಖಿನ್ನತೆ ತಿಳಿಯಾಗಿ ನಿದ್ರೆಯೂ ಹಸಿವೂ ಮರಳುತ್ತಿರುವ ಹೊತ್ತಿಗೇ ಮೈಮೇಲೆ ಗುಳ್ಳೆಗಳೇಳತೊಡಗಿದರೆ, ಗುಳಿಗೆಯನ್ನೇ ತ್ಯಜಿಸೋಣವೆಂದು ರೋಗಿಗೆ ತೋರುವುದು ಸಹಜ. ಫ್ಲುಯೊಕ್ಸೆಟಿನ್, ಸರ್ಟ್ರಲಿನ್ ಮೊದಲಾದ ಖಿನ್ನತೆಯ ಔಷಧಗಳಿಂದ ಮೊಡವೆ ಹುಟ್ಟುವುದು ವಿರಳ. ಆದರೆ 1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಅವರು ಉನ್ಮಾದರೋಗಕ್ಕೆ ಪ್ರಯೋಗಿಸಿ ಫಲ ಕಂಡ, ಇಂದು ಸುಲಭಕ್ಕೆ ಬಗ್ಗದ ಖಿನ್ನತೆಗೂ ಜೊತೆಮದ್ದಾಗಿ ಸಲ್ಲುವ ಲಿಥಿಯಂ ಲವಣಕ್ಕೆ ಈ ದೋಷವುಂಟು. ಹರೆಯದ ಮೊಡವೆಯಲ್ಲಿ ರಂಧ್ರದ ಬಾಯಿಗೆ ಕಪ್ಪಾಗಿ ಕುಳಿತಿರುವ ಜಿಡ್ಡಿನ ಚುಕ್ಕೆ ಇಲ್ಲಿ ಅಪರೂಪ; ಹೆಚ್ಚುಕಡಮೆ ಒಂದೇ ಗಾತ್ರದ ಕೆಂಪು ಗುಳ್ಳೆಗಳೂ ಕೀವುಗುಳ್ಳೆಗಳೂ ಮುಖದಲ್ಲಷ್ಟೇ ಅಲ್ಲದೆ ಬೆನ್ನು, ತೋಳು, ತೊಡೆಗಳಲ್ಲಿಯೂ ಮೂಡುವುವು. ಸೋರಿಯಾಸಿಸ್ ಇದ್ದವರಲ್ಲಿ ಅದೂ ಉಲ್ಬಣಿಸೀತು.

ಕನ್ನಡಿಯೆದುರಿನ ಈ ಸಂಕಟವನ್ನು ಕ್ಷುಲ್ಲಕವೆಂದು ಯಾರೂ ತಳ್ಳಿಹಾಕಬಾರದು. ಆದರೂ ಲಿಥಿಯಂ ಅನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸಿದರೆ ಮೂಲ ಮನೋರೋಗವು ಪ್ರಾಣಾಪಾಯವಾಗುವಷ್ಟು ತೀವ್ರವಾಗಿ ಮರುಕಳಿಸಬಹುದಾದ್ದರಿಂದ, ಮೊದಲು ಮನೋವೈದ್ಯರಿಗೆ ತಿಳಿಸಿ, ಚರ್ಮವೈದ್ಯರಿಗೆ ಸೇವಿಸುತ್ತಿರುವ ಔಷಧಗಳೆಲ್ಲದರ ಹೆಸರು ಹೇಳಿರಿ. ಬೆಂಜಾಯಿಲ್ ಪೆರಾಕ್ಸೈಡ್‌ನಂತಹ ಲೇಪದಿಂದಲೇ ಅನೇಕರಿಗೆ ಉಪಶಮನ ದೊರೆಯುತ್ತದೆ. ಸಾಲದಿದ್ದರೆ ಪ್ರಮಾಣವನ್ನು ತಗ್ಗಿಸುವ, ಮದ್ದನ್ನು ಬದಲಿಸುವ ದಾರಿಯೂ ವೈದ್ಯರಲ್ಲಿದೆ. ಲ್ಯಾಮೊಟ್ರಿಜಿನ್ ಎಂಬ ಇನ್ನೊಂದು ಮನೋರೋಗದ ಮದ್ದನ್ನು ಸೇವಿಸುವವರಿಗೆ ಮಾತ್ರ, ದದ್ದಿನೊಡನೆ ಜ್ವರವೋ ಬಾಯಿಹುಣ್ಣೋ ಕಾಣಿಸಿದರೆ, ಅದು ಮೊಡವೆಯ ಮಾತಲ್ಲ: ಮುಂದಿನ ಗುಳಿಗೆ ನುಂಗುವ ಮುನ್ನ, ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.