ಎಸ್‌ಎಸ್‌ಎಲ್‌ಸಿ ಕನ್ನಡ: ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿದ್ರೆ ಸಾಲದು, ಬಳಸೋದು ಹೇಗೆ?

ರಾಜರಾಜೇಶ್ವರಿನಗರ: ಸಂಕ್ರಾಂತಿ ಕಳೆದರೆ ಸಾಕು, ಆರ್ಚ್‌ನಿಂದ ಒಳಗೆ ಬಂದು ಕೆಂಚೇನಹಳ್ಳಿ ರಸ್ತೆವರೆಗೂ ಜೆರಾಕ್ಸ್ ಅಂಗಡಿಗಳ ಮುಂದೆ ಸಂಜೆ ಹೊತ್ತು ಸಮವಸ್ತ್ರದ ಮಕ್ಕಳು ನಿಂತಿರುತ್ತಾರೆ. ಕೈಯಲ್ಲಿ ಮೊಬೈಲ್, ಮೊಬೈಲ್‌ನಲ್ಲಿ ಪಿಡಿಎಫ್. 'ಅಂಕಲ್, ಎರಡೂ ಕಡೆ ಬರಲಿ' ಅನ್ನೋ ಮಾತು. ಹತ್ತನೇ ತರಗತಿಯ ಹಳೇ ಪ್ರಶ್ನೆಪತ್ರಿಕೆಗಳು ಹೀಗೆ ಕಟ್ಟುಗಟ್ಟಲೆ ಮನೆಗೆ ಹೋಗುತ್ತವೆ. ಹೋದ ಮೇಲೆ ಏನಾಗುತ್ತೆ ಅನ್ನೋದೇ ಪ್ರಶ್ನೆ. ಬಹಳ ಮನೆಗಳಲ್ಲಿ ಅವು ಗಣಿತ, ವಿಜ್ಞಾನದ ಪುಸ್ತಕಗಳ ಕೆಳಗೆ ಉಳಿದುಬಿಡುತ್ತವೆ. ಅದರಲ್ಲೂ ಕನ್ನಡದ ಪತ್ರಿಕೆ ಯಾರೂ ಬಿಡಿಸಿ ನೋಡೋದಿಲ್ಲ. 'ಮನೇಲಿ ಮಾತಾಡೋ ಭಾಷೆ ತಾನೆ, ಅದಕ್ಕೇನು ಓದೋದು?'

ಲೆಕ್ಕ ಬೇರೆಯೇ ಇದೆ. ಕನ್ನಡವನ್ನು ಪ್ರಥಮ ಭಾಷೆಯಾಗಿ ತಗೊಂಡ ಮಗುವಿಗೆ ಅದು 125 ಅಂಕದ ವಿಷಯ, ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಗಣಿತಕ್ಕೂ ವಿಜ್ಞಾನಕ್ಕೂ ಇರೋದು ತಲಾ 100. ಅಂದರೆ ಇಡೀ ಎಸ್‌ಎಸ್‌ಎಲ್‌ಸಿಯಲ್ಲಿ ಅತಿ ಹೆಚ್ಚು ಅಂಕದ ಪತ್ರಿಕೆಯೇ ಪ್ರಥಮ ಭಾಷೆಯದ್ದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಮನೆಯಲ್ಲಿ ಮಾತ್ರ ಕನ್ನಡ ಮಾತಾಡೋ ಮಕ್ಕಳು ಅಂಕ ಕಳೆದುಕೊಳ್ಳೋದು ಇಲ್ಲೇ. ಬರೆಯೋ ಕನ್ನಡ ಬೇರೆ, ಮಾತಾಡೋ ಕನ್ನಡ ಬೇರೆ.

ಇದೇ ಬಡಾವಣೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ಥರದ ಮಕ್ಕಳೂ ಇದ್ದಾರೆ. ಇಂಟರ್‌ನ್ಯಾಷನಲ್ ಸಿಲಬಸ್‌ನಲ್ಲಿ ಸ್ಪ್ಯಾನಿಷ್ ತಗೊಂಡವರು. ಕೇಂಬ್ರಿಜ್‌ನ ಐಜಿಸಿಎಸ್‌ಇ ಸ್ಪ್ಯಾನಿಷ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಮಾತಾಡುವುದು, ಬರೆಯುವುದು ಅಂತ ನಾಲ್ಕು ಭಾಗ. ಮನೆಯಲ್ಲಿ ಯಾರಿಗೂ ಸ್ಪ್ಯಾನಿಷ್‌ನ ಒಂದಕ್ಷರ ಬರಲ್ಲ. ಆದರೂ ಆ ಮಕ್ಕಳು ತಯಾರಾಗುತ್ತಾರೆ. ಹೇಗೆ? ಹಳೇ ಪತ್ರಿಕೆ ಪಕ್ಕದಲ್ಲಿ ಅಂಕ ಕೊಡುವ ಪಟ್ಟಿ ಇಟ್ಟುಕೊಂಡು ಕೂರುತ್ತಾರೆ. ಯಾವ ಪ್ರಶ್ನೆಗೆ ಮಕ್ಕಳು ಎಲ್ಲಿ ತಪ್ಪಿದರು ಅಂತ ಪರೀಕ್ಷಕರು ಬರೆದ ವರದಿಯೂ ಅವರಿಗೆ ಓದಲು ಸಿಗುತ್ತೆ. ಪರಭಾಷೆ ಅನ್ನೋ ಭಯಕ್ಕೆ ಪ್ರತಿ ಅಂಕದ ಲೆಕ್ಕ ಇಡುತ್ತಾರೆ. ನಮ್ಮ ಮಕ್ಕಳು ಸ್ವಂತ ಭಾಷೆ ಅನ್ನೋ ಧೈರ್ಯಕ್ಕೆ ಲೆಕ್ಕವನ್ನೇ ಇಡೋದಿಲ್ಲ, ಅಷ್ಟೇ ವ್ಯತ್ಯಾಸ.

ಯಾವ ವರ್ಷದ್ದು ತಗೋಬೇಕು?

ಸಿಕ್ಕಿದ್ದನ್ನೆಲ್ಲ ಪ್ರಿಂಟ್ ಹಾಕಿಸಿದರೆ ದುಡ್ಡು ದಂಡ. 2021ರ ಪತ್ರಿಕೆ ಕೈಗೆ ಬಂದರೆ ಪಕ್ಕಕ್ಕಿಡಿ. ಕೋವಿಡ್ ಕಾರಣಕ್ಕೆ ಆ ವರ್ಷ ಜುಲೈನಲ್ಲಿ ಎರಡೇ ದಿನ ಪರೀಕ್ಷೆ ನಡೆದಿತ್ತು. ಮೂರೂ ಭಾಷೆ ಸೇರಿ ಒಂದೇ ದಿನ, ಎಲ್ಲಾ ಬಹು ಆಯ್ಕೆ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ಗುರುತು ಮಾಡೋದು ಅಷ್ಟೇ. ಪತ್ರ, ಪ್ರಬಂಧ ಬರೆಯುವ ಅಭ್ಯಾಸಕ್ಕೆ ಅದರಿಂದ ಪ್ರಯೋಜನ ಇಲ್ಲ.

2023 ಮತ್ತು ಅದಕ್ಕೂ ಹಿಂದಿನ ಪತ್ರಿಕೆಗಳನ್ನು ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು. ನಡುವೆ ಪಠ್ಯ ಪರಿಷ್ಕರಣೆಯಾಗಿ, 2023ರ ಜೂನ್‌ನಲ್ಲಿ ಸರ್ಕಾರ ಮತ್ತೆ ಕೆಲವು ಪಾಠ ಕೈಬಿಟ್ಟಿತು. ಹಾಗಾಗಿ ಈಗಿನ ಪುಸ್ತಕದಲ್ಲಿ ಇಲ್ಲದ ಪಾಠದ ಪ್ರಶ್ನೆ ಬಂದರೆ ಪೆನ್ಸಿಲ್‌ನಲ್ಲಿ ಹೊಡೆದುಹಾಕಿ ಮುಂದೆ ಹೋಗೋದು. ವ್ಯಾಕರಣ, ಪತ್ರ, ಗಾದೆ, ಪ್ರಬಂಧದ ಪ್ರಶ್ನೆಗಳು ಯಾವ ವರ್ಷದ್ದಾದರೂ ನಡೆಯುತ್ತೆ.

ಒಳ್ಳೆ ಸುದ್ದಿ ಅಂದರೆ 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದಿತ್ತು. ಪರೀಕ್ಷೆ-1, 2, 3 ಅಂತ. ಹಾಗಾಗಿ 2024 ಮತ್ತು 2025 ಎರಡೇ ವರ್ಷದಲ್ಲಿ ಆರು ಅಸಲಿ ಪತ್ರಿಕೆ ಸಿಕ್ಕಂತಾಯ್ತು. ಇದರ ಜೊತೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ವೆಬ್‌ಸೈಟ್‌ನಲ್ಲಿ ಮಾದರಿ ಪತ್ರಿಕೆ ಹಾಕುತ್ತೆ, ಪರೀಕ್ಷೆ ಮುಗಿದ ಮೇಲೆ ಕೀ ಉತ್ತರವನ್ನೂ ಪ್ರಕಟಿಸುತ್ತೆ. ಮಕ್ಕಳು ಪ್ರಶ್ನೆಪತ್ರಿಕೆ ಮಾತ್ರ ಡೌನ್‌ಲೋಡ್ ಮಾಡಿ ಕೀ ಉತ್ತರ ಬಿಟ್ಟುಬರೋದೇ ಹೆಚ್ಚು. ಎರಡೂ ಬೇಕು.

ಜೆರಾಕ್ಸ್ ಅಂಗಡಿಯವರಿಗೂ ಒಂದು ಮಾತು. ಪತ್ರಿಕೆಯ ಮೇಲ್ಭಾಗದಲ್ಲಿ ಸಂಕೇತ ಸಂಖ್ಯೆ ಇರುತ್ತೆ. ಪ್ರಥಮ ಭಾಷೆ ಕನ್ನಡಕ್ಕೆ 01-ಕೆ. ಇಂಗ್ಲಿಷ್ ಅಥವಾ ಬೇರೆ ಭಾಷೆಯನ್ನು ಪ್ರಥಮ ಭಾಷೆ ಮಾಡಿಕೊಂಡು ಕನ್ನಡವನ್ನು ದ್ವಿತೀಯ ಭಾಷೆಯಾಗಿ ಓದೋ ಮಕ್ಕಳಿಗೆ ಪಠ್ಯಪುಸ್ತಕವೇ ಬೇರೆ, ಪತ್ರಿಕೆಯೂ ಬೇರೆ, ಅದು 80 ಅಂಕದ್ದು. 'ಕನ್ನಡ ಪೇಪರ್ ಕೊಡಿ' ಅಂದವರಿಗೆ 'ಫಸ್ಟಾ, ಸೆಕೆಂಡಾ?' ಅಂತ ಒಂದು ಸಲ ಕೇಳಿಬಿಟ್ಟರೆ ಮಗು ಮನೆಗೆ ಹೋಗಿ ಮತ್ತೆ ಓಡಿ ಬರೋದು ತಪ್ಪುತ್ತೆ.

ಮನೆಯಲ್ಲೇ ತಿದ್ದೋದು ಹೇಗೆ?

ಮೊದಲ ಪತ್ರಿಕೆಯನ್ನು ಸಮಯ ನೋಡದೆ, ಪುಸ್ತಕ ತೆರೆದಿಟ್ಟುಕೊಂಡೇ ಬರೆಯಲಿ. ಪ್ರಶ್ನೆ ಎಂಥೆಂಥದ್ದು ಬರುತ್ತೆ ಅಂತ ಗೊತ್ತಾಗೋದು ಮುಖ್ಯ. ಎರಡನೆಯದರಿಂದ ಗಡಿಯಾರ ಇಟ್ಟುಕೊಂಡು ಕೂರಬೇಕು. ಓದಲು 15 ನಿಮಿಷ, ಬರೆಯಲು 3 ಗಂಟೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತರೆ ಒಂದೂಕಾಲಕ್ಕೆ ಏಳಬೇಕು. ಅಸಲಿ ಪರೀಕ್ಷೆಯಲ್ಲೂ ಅದೇ ಹೊತ್ತು. ಅಂಗಡಿ ನಡೆಸೋ ಮನೆಯಲ್ಲಿ ಈ ಮೂರು ಗಂಟೆ ಮಗುವನ್ನು ಗಲ್ಲಾಪೆಟ್ಟಿಗೆ ಮುಂದೆ ಕೂರಿಸದೆ ಇರೋದೇ ಅಪ್ಪ ಅಮ್ಮ ಮಾಡಬಹುದಾದ ದೊಡ್ಡ ಸಹಾಯ.

ಬರೆದದ್ದನ್ನು ತಿದ್ದೋಕೆ ಕನ್ನಡ ಮೇಷ್ಟ್ರೇ ಬೇಕು ಅಂತಿಲ್ಲ. ಸಂದರ್ಭ ಸಹಿತ ಸ್ವಾರಸ್ಯದ ಪ್ರಶ್ನೆ ತಗೊಳ್ಳಿ. ಉತ್ತರದಲ್ಲಿ ಮೂರು ತುಂಡು ಇರಬೇಕು: ಆಯ್ಕೆ, ಸಂದರ್ಭ, ಸ್ವಾರಸ್ಯ. ಆಯ್ಕೆ ಅಂದರೆ ಯಾರು ಬರೆದದ್ದು, ಯಾವ ಕೃತಿಯಿಂದ, ಯಾವ ಪಾಠ. 'ಲಂಡನ್ ನಗರ' ಪಾಠ ಆದರೆ ವಿ.ಕೃ. ಗೋಕಾಕರ 'ಸಮುದ್ರದಾಚೆಯಿಂದ' ಕೃತಿ. ಸಂದರ್ಭ ಅಂದರೆ ಆ ಮಾತು ಯಾವಾಗ, ಯಾಕೆ ಬಂತು. ಸ್ವಾರಸ್ಯ ಅಂದರೆ ಆ ಮಾತಿನಲ್ಲಿರೋ ವಿಶೇಷ ಏನು. ಮಕ್ಕಳು ಕಥೆಯನ್ನೆಲ್ಲ ಅರ್ಧ ಪುಟ ಬರೆದು ಆಯ್ಕೆಯನ್ನೇ ಬಿಟ್ಟಿರುತ್ತಾರೆ. ಮೂರು ತುಂಡು ಇದೆಯಾ ಅಂತ ಎಣಿಸೋಕೆ ಅಮ್ಮನಿಗೆ ಏಳನೇ ಕ್ಲಾಸು ಓದಿದ್ದರೂ ಸಾಕು.

ಕವಿ ಪರಿಚಯಕ್ಕೂ ಹಾಗೇ. ಕಾಲ, ಸ್ಥಳ, ಕೃತಿ, ಪ್ರಶಸ್ತಿ. ದೇವನೂರ ಮಹಾದೇವ ಅಂದರೆ 1948, ನಂಜನಗೂಡು ತಾಲ್ಲೂಕಿನ ದೇವನೂರು, 'ಒಡಲಾಳ', 'ಕುಸುಮಬಾಲೆ', ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಇದನ್ನು ಚೀಟಿ ಮಾಡಿ ಅಂಗಡಿ ಕ್ಯಾಲೆಂಡರ್ ಪಕ್ಕ ಅಂಟಿಸಿದರೆ ಬಂದು ಹೋಗೋವಾಗ ಕಣ್ಣಿಗೆ ಬೀಳುತ್ತೆ.

ಬೋರ್ಡು ನೋಡಿಯೇ ವ್ಯಾಕರಣ

ವ್ಯಾಕರಣ ಅಂದರೆ ಹೆದರೋ ಮಕ್ಕಳಿಗೆ ಈ ಊರಿನ ಹೆಸರುಗಳೇ ಪಾಠ ಹೇಳುತ್ತವೆ. ರಾಜರಾಜೇಶ್ವರಿ ಅಂದರೆ ರಾಜರಾಜ + ಈಶ್ವರಿ. ಅಕಾರಕ್ಕೆ ಈಕಾರ ಸೇರಿ ಏಕಾರ ಬಂದಿದೆ, ಗುಣಸಂಧಿ. ಬಸವೇಶ್ವರನಗರದ ಬಸವೇಶ್ವರನೂ ಅಷ್ಟೇ. ನಮ್ಮ ದೇವಸ್ಥಾನದ ಜ್ಞಾನಾಕ್ಷಿ ಅಂದರೆ ಜ್ಞಾನ + ಅಕ್ಷಿ, ಎರಡು ಅಕಾರ ಸೇರಿ ದೀರ್ಘ ಆಗಿದೆ, ಸವರ್ಣದೀರ್ಘ ಸಂಧಿ.

ಛಂದಸ್ಸಿನ ಪ್ರಶ್ನೆ ಅಂತೂ ಬಹಳ ಮಕ್ಕಳು ಮುಟ್ಟೋದೇ ಇಲ್ಲ, ಆದರೆ ಗಣಿತದಷ್ಟೇ ಖಚಿತವಾಗಿ ಪೂರ್ತಿ ಅಂಕ ಸಿಗೋ ಜಾಗ ಅದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಅನುಸ್ವಾರ ಇದ್ದದ್ದು ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು. ತಪ್ಪಾಗೋದು ಈ ಕೊನೇದರಲ್ಲಿ. ಒತ್ತು ಇರೋ ಅಕ್ಷರಕ್ಕೇ ಗುರು ಹಾಕಿಬಿಡುತ್ತಾರೆ. ಪಟ್ಟಣಗೆರೆ ಮೆಟ್ರೋ ನಿಲ್ದಾಣದ ಬೋರ್ಡು ನೋಡಿ. 'ಪ' ಗುರು, ಯಾಕಂದರೆ ಮುಂದೆ 'ಟ್ಟ' ಇದೆ. 'ಟ್ಟ' ಲಘು. ಣ, ಗೆ, ರೆ ಮೂರೂ ಲಘು. ಒಟ್ಟು 6 ಮಾತ್ರೆ. ಕೆಂಚೇನಹಳ್ಳಿ ಎಣಿಸಿದರೆ ಕೆಂ 2, ಚೇ 2, ನ 1, ಹ 2, ಳ್ಳಿ 1, ಒಟ್ಟು 8. ದಿನಾ ಸ್ಕೂಲಿಗೆ ಹೋಗೋ ದಾರೀಲಿ ನಾಲ್ಕು ಬೋರ್ಡು ಎಣಿಸಿದರೆ ವಾರದಲ್ಲಿ ಕೈ ಕೂರುತ್ತೆ.

ಇದರಲ್ಲಿ ಇನ್ನೊಂದು ಅನುಕೂಲ, ಉತ್ತರ ಸರಿಯೋ ತಪ್ಪೋ ಅಂತ ಮಗುವೇ ನೋಡಿಕೊಳ್ಳಬಹುದು. ಕುಮಾರವ್ಯಾಸನ ಪದ್ಯ ಭಾಮಿನಿ ಷಟ್ಪದಿ. ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ 3-4-3-4 ಅಂತ 14 ಮಾತ್ರೆ ಬರಲೇಬೇಕು. ಮೂರು ಮತ್ತು ಆರನೇ ಸಾಲಿನಲ್ಲಿ 23. ಲಕ್ಷ್ಮೀಶನ 'ವೀರಲವ' ವಾರ್ಧಕ ಷಟ್ಪದಿ, ಅಲ್ಲಿ ಐದೈದರ ಗಣ, 20 ಮತ್ತು 32. ಹದಿಮೂರೋ ಹದಿನೈದೋ ಬಂತು ಅಂದರೆ ಎಲ್ಲೋ ಒಂದು ಗುರು ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತೆ, ವಾಪಸ್ ಹೋಗಿ ನೋಡೋದು. ಗಲ್ಲಾ ಲೆಕ್ಕ ತಾಳೆ ಹಾಕಿದ ಹಾಗೆ.

ಪತ್ರಲೇಖನ ಶುಲ್ಕ ಇಲ್ಲದ ಅಂಕ ಅನ್ನಬಹುದು. ವಿಷಯ ವರ್ಷಕ್ಕೊಂದು ಬದಲಾದರೂ ಚೌಕಟ್ಟು ಬದಲಾಗಲ್ಲ: ಇಂದ, ಗೆ, ದಿನಾಂಕ, ಮಾನ್ಯರೇ, ವಿಷಯ, ಒಡಲು, ವಂದನೆ, ಸಹಿ. ನೆನಪಿಡಬೇಕಾದ್ದು ಏನಂದರೆ ಪ್ರಶ್ನೆಯಲ್ಲಿ 'ನೀವು ಇಂಥ ಊರಿನ ಇಂಥವರೆಂದು ಭಾವಿಸಿ' ಅಂತ ಕೊಟ್ಟಿರುತ್ತಾರೆ. ಆ ಹೆಸರು, ಆ ಊರೇ ಹಾಕಬೇಕು. ಅಭ್ಯಾಸಬಲದಲ್ಲಿ ಸ್ವಂತ ಹೆಸರು, ಸ್ವಂತ ಶಾಲೆ ಬರೆದುಬಿಡೋ ಮಕ್ಕಳಿದ್ದಾರೆ. ಬೀದಿದೀಪ, ಕಸ, ನೀರು, ಬಸ್ಸು ಅಂತ ಮನೆ ಮುಂದಿನ ನಿಜವಾದ ತೊಂದರೆ ಬಗ್ಗೆಯೇ ನಾಲ್ಕು ಪತ್ರ ಬರೆಸಿ ನೋಡಿ. ಒಂದನ್ನು ಪಾಲಿಕೆಗೆ ನಿಜವಾಗಿಯೂ ಕಳಿಸಿದರೆ ನಷ್ಟವೇನಿಲ್ಲ.

ಪ್ರತಿ ಪತ್ರಿಕೆ ಮುಗಿದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಹೋದ ಅಂಕ ಮಾತ್ರ ಬರೆದಿಡಬೇಕು. ಬಂದ ಅಂಕ ಬೇಡ. 'ಆಯ್ಕೆ ಬರೆದಿಲ್ಲ – 1', 'ಸಮಯ ಸಾಲದೆ ಪ್ರಬಂಧ ಬಿಟ್ಟೆ', 'ಮಹಾಪ್ರಾಣ ತಪ್ಪು' ಹೀಗೆ. ಮೂರನೇ ಪತ್ರಿಕೆ ಹೊತ್ತಿಗೆ ಒಂದೇ ತಪ್ಪು ಮೂರು ಸಲ ಕಾಣುತ್ತೆ. ಉಳಿದ ದಿನಗಳಲ್ಲಿ ಓದಬೇಕಾದ್ದು ಅದನ್ನೇ. ಆರು ಪತ್ರಿಕೆ ಬರೆದು ಒಂದನ್ನೂ ತಿದ್ದದವರಿಗಿಂತ, ಮೂರು ಬರೆದು ಮೂರನ್ನೂ ತಿದ್ದಿಕೊಂಡವರೇ ಮುಂದಿರುತ್ತಾರೆ.

ಹಳೇ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗೋದು ಮಾತ್ರ ಅಪಾಯ. ಅದೇ ಪಾಠದಿಂದ ಬೇರೆ ವಾಕ್ಯ ಕೊಟ್ಟರೆ ಮಗು ಕಕ್ಕಾಬಿಕ್ಕಿ. ಇನ್ನು ಮಾರ್ಚ್ ಹತ್ತಿರ ಬಂದಾಗ ವಾಟ್ಸಾಪ್, ಟೆಲಿಗ್ರಾಂನಲ್ಲಿ 'ಒರಿಜಿನಲ್ ಪೇಪರ್ ಇದೆ, ದುಡ್ಡು ಹಾಕಿ' ಅಂತ ಬರೋ ಸಂದೇಶಗಳಿಗೆ ಒಂದು ರೂಪಾಯಿಯೂ ಹಾಕಬೇಡಿ. ಹಳೇ ಪತ್ರಿಕೆಯ ದಿನಾಂಕ ಅಳಿಸಿ ಮಾರೋದು ಸುಲಭದ ಮೋಸ, ಮತ್ತು ಆ ಹಳೇ ಪತ್ರಿಕೆ ನಿಮ್ಮ ಮನೆಯಲ್ಲೇ ಪುಕ್ಕಟೆ ಇದೆ.

ಪರೀಕ್ಷೆ-1ರಲ್ಲಿ ಅಂಕ ಕಡಿಮೆ ಬಂದರೂ ಪರೀಕ್ಷೆ-2 ಬರೆಯಬಹುದು, ಹೆಚ್ಚು ಬಂದದ್ದನ್ನೇ ಉಳಿಸಿಕೊಳ್ಳಬಹುದು. ಹಾಗೆ ಮತ್ತೆ ಬರೆಯೋದಾದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಮಂಡಳಿಯ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ ತರಿಸಿಕೊಳ್ಳಿ. ಅರ್ಜಿಗೆ ಕೊಡೋ ದಿನ ಕಡಿಮೆ ಇರುತ್ತೆ, ಫಲಿತಾಂಶ ಬಂದ ದಿನವೇ ಶಾಲೆಯಲ್ಲಿ ಕೊನೆ ದಿನಾಂಕ ಕೇಳಿಟ್ಟುಕೊಳ್ಳಬೇಕು. ಸ್ವಂತ ಕೈಬರಹದ ಪಕ್ಕ ಕೆಂಪು ಶಾಯಿಯಲ್ಲಿ ಅಂಕ ಬಿದ್ದಿರೋ ಆ ಹಾಳೆಗಳು ಯಾವ ಹಳೇ ಪತ್ರಿಕೆಗಿಂತಲೂ ಹೆಚ್ಚು ಹೇಳುತ್ತವೆ.