ಜಾಮ್ ಏಕೆ ಹರಿಯುವುದಿಲ್ಲ?

ನಮ್ಮ ತುಮಕೂರಿನ ಹತ್ತಿರ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಮುಂದೆ ಇಂಥ ಕಡೆ ಕೆಲಸ ಕೇಳಿಕೊಂಡು ಹೋಗುವವರಲ್ಲಿ ಕಾಮರ್ಸ್‌ನವರಾದ ನಾವೂ ಇರುತ್ತೇವೆ. ಆಹಾರ ಕಾರ್ಖಾನೆಯ ಲೆಕ್ಕ ಬರೆಯುವವರಿಗೆ ಆಹಾರ ಹೇಗೆ ತಯಾರಾಗುತ್ತದೆ ಎಂಬುದೂ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಹಣ್ಣಿನ ರಸ ಹರಿಯುತ್ತದೆ, ಅದರಿಂದಲೇ ಮಾಡಿದ ಜಾಮ್ ಹರಿಯುವುದಿಲ್ಲ. ಏಕೆ?

ಹಣ್ಣಿನಲ್ಲಿ ಪೆಕ್ಟಿನ್ ಎಂಬ ಪಾಲಿಮರ್ ಇದೆ. ಪಾಲಿಮರ್ ಎಂದರೆ ನೂರಾರು ಸಣ್ಣ ಕೊಂಡಿಗಳು ಸೇರಿದ ಉದ್ದ ಸರಪಳಿ. ನೀರಿನ ಕಣಗಳು ಎಲ್ಲ ಕಡೆಯಿಂದ ತಳ್ಳುವುದರಿಂದ ಅದು ಸದಾ ಅಲುಗಾಡುತ್ತಿರುತ್ತದೆ. ಸರಪಳಿಗೆ ಹೊಂದುವ ದ್ರಾವಕವನ್ನು ‘ಒಳ್ಳೆಯ ದ್ರಾವಕ’ ಎನ್ನುತ್ತಾರೆ. ಅದರಲ್ಲಿ ಸರಪಳಿ ಹರಡಿಕೊಳ್ಳುತ್ತದೆ, ಸುತ್ತಲಿನ ದ್ರವವನ್ನೂ ಎಳೆದುಕೊಂಡು ನಿಧಾನವಾಗಿ ಚಲಿಸುತ್ತದೆ. ‘ಕೆಟ್ಟ ದ್ರಾವಕ’ದಲ್ಲಿ ಮುದುಡಿ ಉಂಡೆಯಾಗುತ್ತದೆ. ಒಂಟಿಯಾಗಿದ್ದರೆ ಆ ಉಂಡೆ ಬೇಗ ಚಲಿಸಬಹುದು. ಆದರೆ ಸರಪಳಿಗಳು ತುಂಬಾ ಇದ್ದರೆ ಒಂದಕ್ಕೊಂದು ಅಂಟಿಕೊಂಡು ನಿಂತುಬಿಡುತ್ತವೆ.

ಇದನ್ನು ಲೆಕ್ಕಕ್ಕೆ ತಂದವರು ಪಾಲ್ ಫ್ಲೋರಿ. 1974ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಸರಪಳಿಯ ಉದ್ದ 100 ಪಟ್ಟು ಹೆಚ್ಚಾದರೆ ಒಳ್ಳೆಯ ದ್ರಾವಕದಲ್ಲಿ ಅದರ ಅಗಲ ಸುಮಾರು 16 ಪಟ್ಟು ಹೆಚ್ಚುತ್ತದೆ. ಕೆಟ್ಟದರಲ್ಲಿ ಸುಮಾರು 5 ಪಟ್ಟು ಮಾತ್ರ. ಎರಡರ ನಡುವಿನ ‘ಥೀಟಾ’ ಸ್ಥಿತಿಯಲ್ಲಿ 10 ಪಟ್ಟು.

ರಂಜಾನ್‌ನಲ್ಲಿ ಶರಬತ್ತಿಗೆ ಹಾಕುವ ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ, ಬರೀ ನೀರಿನಲ್ಲಿ ಚೆನ್ನಾಗಿ ಉಬ್ಬುತ್ತದೆ. ಗಟ್ಟಿ ಸಕ್ಕರೆ ಪಾಕದಲ್ಲಿ ಅಷ್ಟು ಉಬ್ಬುವುದಿಲ್ಲ. ಸಕ್ಕರೆ ನೀರನ್ನು ತನ್ನತ್ತ ಹಿಡಿದುಕೊಳ್ಳುವುದರಿಂದ ಬೀಜದ ಮೇಲಿನ ಸರಪಳಿಗಳಿಗೆ ನೀರು ಸಾಲುವುದಿಲ್ಲ. ಅದಕ್ಕೇ ಬೀಜವನ್ನು ಮೊದಲು ನೀರಿನಲ್ಲಿ ನೆನೆಸುತ್ತಾರೆ.

ಜಾಮ್‌ನಲ್ಲೂ ಇದೇ ಕಥೆ. ಸಕ್ಕರೆ ಹೆಚ್ಚಾದಂತೆ ಪೆಕ್ಟಿನ್‌ಗೆ ನೀರು ಕೆಟ್ಟ ದ್ರಾವಕವಾಗುತ್ತದೆ. ಪೆಕ್ಟಿನ್ ಸರಪಳಿಗಳಲ್ಲಿ ಒಂದನ್ನೊಂದು ದೂರ ತಳ್ಳುವ ವಿದ್ಯುದಂಶ ಇರುತ್ತದೆ, ನಿಂಬೆರಸದ ಹುಳಿ ಅದನ್ನು ತಗ್ಗಿಸುತ್ತದೆ. ಆಗ ಸರಪಳಿಗಳು ಅಲ್ಲಲ್ಲಿ ಕೂಡಿ ಬಲೆಯಾಗುತ್ತವೆ, ನೀರು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಸೀಬೆಯಲ್ಲಿ ಪೆಕ್ಟಿನ್ ಹೆಚ್ಚು, ಅದಕ್ಕೇ ಅದರ ಜೆಲ್ಲಿ ಸುಲಭವಾಗಿ ಕಟ್ಟುತ್ತದೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಖರ್ಚು ಉಳಿಸಲು ಸಕ್ಕರೆ ಕಡಿಮೆ ಮಾಡಿದರೆ ಬಲೆ ಕಟ್ಟುವುದಿಲ್ಲ, ಜಾಮ್ ಹರಿಯುತ್ತದೆ, ಬೇಗ ಕೆಡುತ್ತದೆ, ಬಾಟಲಿಗಳು ಅಂಗಡಿಯಿಂದ ವಾಪಸ್ ಬರುತ್ತವೆ. ಜಾಮ್‌ನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕೆಂಬುದು ಆಹಾರ ಸುರಕ್ಷತಾ ನಿಯಮ. ಸಕ್ಕರೆ ಕಡಿಮೆ ಇರುವ ಜಾಮ್ ಬೇಕೆಂದರೆ ಕ್ಯಾಲ್ಸಿಯಂನಿಂದ ಗಟ್ಟಿಯಾಗುವ ಬೇರೆ ಬಗೆಯ ಪೆಕ್ಟಿನ್ ಕೊಳ್ಳಬೇಕು. ಅದರ ಖರ್ಚೂ ಪುಸ್ತಕಕ್ಕೆ ಬರುತ್ತದೆ. ಹಾಗಾಗಿ ಜಾಮ್‌ನ ಲೆಕ್ಕದಲ್ಲಿ ಸಕ್ಕರೆಯನ್ನು ಬರೀ ಸಿಹಿ ಎಂದು ಬರೆದುಕೊಂಡರೆ ಸಾಲದು.